ಬದಲಿ ಅಕ್ಕೋರ ಲವಂಗ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಟಿಳಕವಾಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಶಿವಬಸವ್ವ ಅಕ್ಕೋರು ಎದುರಿಗೆ ಬಂದರೆ ಮೀಸೆ ಬಂದ ಗಂಡಸರೂ ಸೈಕಲ್ ಇಳಿದು ನಡೆಯುತ್ತಿದ್ದರು. ಜೀವಮಾನವೆಲ್ಲ ಪಾಠ ಮಾಡಿದೆ, ಕಡೆಗೆ ಹೆಡ್ ಆಗಿ ನಿವೃತ್ತಳಾದೆ. ಅಷ್ಟೂ ವರ್ಷ ತರಗತಿಯೊಳಗೆ ಒಮ್ಮೆಯೂ ನಕ್ಕವಳಲ್ಲ. ನಗುವುದಕ್ಕೆ ಮನೆ ಇದೆ, ಮದುವೆ ಚಪ್ಪರ ಇದೆ. ಸಾಲಿ ಯಾಕೆ ಬೇಕು?

ನಿವೃತ್ತಳಾದ ಮೇಲೆ ಜಪ ಮಾಡುತ್ತ ಕೂರುವ ಜಾಯಮಾನ ನನ್ನದಲ್ಲ. ನಮ್ಮ ಸಂಸ್ಥೆಯವರು ಊರಿನಲ್ಲೂ ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲೂ ಶಾಲೆ ನಡೆಸುತ್ತಿದ್ದರು. ಯಾರಾದರೂ ಅಕ್ಕೋರು ಬಾಣಂತನಕ್ಕೆ ಹೋದರೆ, ಯಾರಾದರೂ ಮಾಸ್ತರು ಕಾಲು ಮುರಿದುಕೊಂಡರೆ ಆ ಜಾಗಕ್ಕೆ ಬದಲಿ ಶಿಕ್ಷಕರು ಬೇಕಾಗುತ್ತಿತ್ತು. ಟ್ರೇನಿಂಗ್ ಮುಗಿಸಿ ಕೆಲಸ ಕಾಯುತ್ತ ಕೂತ ಹುಡುಗ ಹುಡುಗಿಯರಿಗೇನೂ ಬರವಿರಲಿಲ್ಲ. ಆದರೆ ಇನ್ನೊಬ್ಬರ ತರಗತಿಗೆ ವರ್ಷದ ನಡುವೆ ಹೋಗಿ ನಿಲ್ಲುವುದು ಬೇರೆಯೇ ವಿದ್ಯೆ. ಹೊಸಬರು ಬಂದ ದಿನವೇ ಮಕ್ಕಳು ಅವರನ್ನು ತಕ್ಕಡಿಗೆ ಹಾಕಿ ತೂಗುತ್ತವೆ. ಅದಕ್ಕೇ ಬದಲಿಗೆ ಹೋಗುವವರನ್ನೆಲ್ಲ ಮೊದಲು ಒಂದು ವಾರ ನನ್ನ ಕೈಗೆ ಕೊಡುತ್ತಿದ್ದರು.

ನನ್ನ ಪದ್ಧತಿಯೇ ಬೇರೆ. ದಿನವಿಡೀ ಶಾಲೆಯಲ್ಲಿ ಕೂತು ಬಂದ ಮಕ್ಕಳು ಸಂಜೆ ಮತ್ತೆ ಪಾಠಕ್ಕೆ ಕೂರುತ್ತವೆಯೇ? ಹಾಗಾಗಿ ನಮ್ಮ ವಠಾರದ ಮುದುಕ ಮುದುಕಿಯರನ್ನೇ ಮಕ್ಕಳನ್ನಾಗಿ ಮಾಡಿದೆ. ಸಂಜೆ ನಾಲ್ಕಕ್ಕೆ ಅಂಗಳದಲ್ಲಿ ಗೋಣಿತಟ್ಟಿನ ಪಟ್ಟಿ ಹಾಸುವುದು, ಗೋಡೆಗೆ ಬೋರ್ಡು ನಿಲ್ಲಿಸುವುದು, ಎಲ್ಲರ ಕೈಗೂ ಬರೆಯುವ ಕಲ್ಲಿನ ಪಾಟಿ ಕೊಡುವುದು. ಆ ಪಟ್ಟಿಯ ಮೇಲೆ ಕೂತ ಕೂಡಲೇ ಎಲ್ಲರೂ ಎರಡನೇ ಇಯತ್ತೆಯ, ಅಂದರೆ ಎರಡನೇ ತರಗತಿಯ ಹುಡುಗರು. ಅಜ್ಜ ಇಲ್ಲ, ಅಜ್ಜಿ ಇಲ್ಲ, ‘ರೀ’ ಇಲ್ಲ. ಹೆಸರು ಹಿಡಿದು ಕರೆಯಬೇಕು, ತಪ್ಪು ಮಾಡಿದರೆ ಗದರಬೇಕು. ಇದು ಕಾನೂನು.

ಮುದುಕರು ಈ ಕೆಲಸಕ್ಕೆ ಎಷ್ಟು ಹುರುಪಿನಿಂದ ಬರುತ್ತಿದ್ದರೆಂದರೆ, ಸೊಸೆಯಂದಿರು ಚಹಾ ತಡ ಮಾಡಿದರೆ ಸಾಲಿಗೆ ಹೊತ್ತಾಯಿತೆಂದು ಕೂಗಾಡುತ್ತಿದ್ದರು. ವಠಾರದ ಮಾಲೀಕರ ಅತ್ತೆ ಸಿದ್ದಕ್ಕನಂತೂ ಚಿಕ್ಕಂದಿನಲ್ಲಿ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಆ ಸೇಡನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲ, ತುಂಟತನ ಮಾತ್ರ ಇಡೀ ವಠಾರಕ್ಕೆ ಹಂಚಬಹುದು. ಪಾಠ ಶುರುವಾಗುವುದೇ ತಡ, ಕಿರುಬೆರಳು ಎತ್ತಿ, “ಅಕ್ಕೋರ, ಒಂದಕ್ಕ!” ಎಂದು ಕೂಗುತ್ತಿದ್ದಳು. ಹೋಗಿ ಬಂದ ಮೇಲೆ ಪಕ್ಕದಲ್ಲಿ ಕೂತ ಗುರುಪುತ್ರಪ್ಪನ ಮೇಲೆ ಚಾಡಿ. ಗುರುಪುತ್ರಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಬೋಳುತಲೆ.

“ಅಕ್ಕೋರ, ಇಂವ ನನ್ನ ಜಡಿ ಎಳದ!”

“ಸುಳ್ಳ ರೀ ಅಕ್ಕೋರ! ಅಕೀನ ಮದಲ ನನ್ನ ಕೂದಲಾ ಎಳದ್ಲು!”

ಇಂಥ ಅಂಗಳಕ್ಕೆ, ಎಪ್ಪತ್ತೊಂಬತ್ತನೇ ಇಸವಿಯ ದೀಪಾವಳಿ ಮುಗಿದ ಮೇಲೆ, ರೇಣವ್ವ ಬಂದಳು. ಖಾನಾಪುರದ ಕಡೆಯ ಕುರಿಗಾರರ ಮನೆಯ ಹುಡುಗಿ. ಟ್ರೇನಿಂಗಿನಲ್ಲಿ ಒಳ್ಳೆಯ ನಂಬರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೂ, ಅವಸರಕ್ಕೆಂದು ನನ್ನ ಕೈ ತಪ್ಪಿಸಿ ಬದಲಿಗೆ ಕಳಿಸಿದ್ದ ಎರಡು ಶಾಲೆಯವರೂ ಅವಳನ್ನು ವಾರ ತುಂಬುವ ಮೊದಲೇ ವಾಪಸು ಕಳಿಸಿದ್ದರು. ಕಾರಣ ಇಷ್ಟೇ, ಹುಡುಗಿ ನಗುತ್ತಾಳೆ. ಮಕ್ಕಳು ಏನಾದರೂ ತುಂಟತನ ಮಾಡಿದರೆ ಗದರುವ ಬದಲು ನಗು. ಅವಳು ನಕ್ಕರೆ ತರಗತಿಯೇ ನಗುತ್ತದೆ, ತರಗತಿ ನಕ್ಕರೆ ಪಕ್ಕದ ತರಗತಿಯ ಪಾಠವೂ ಕೆಡುತ್ತದೆ.

ಸಂಸ್ಥೆಯ ಕಾರ್ಯದರ್ಶಿ ಸ್ವತಃ ನನ್ನ ಮನೆಗೆ ಬಂದು ಹೇಳಿ ಹೋದರು. “ಇದು ಕಡೀ ಸಲ ರೀ ಅಕ್ಕೋರ. ಮುಂದ ಕಳಿಸೂ ಸಾಲಿಯವ್ರೂ ತಿರುಗಿ ಕಳಿಸಿದ್ರ ಹುಡುಗೀ ಹೆಸರ ತಗದ ಬಿಡತೇವಿ. ಆಮ್ಯಾಲ ನಮ್ಮ ಸಂಸ್ಥೆಯೊಳಗ ಅಕೀಗಿ ಕೆಲಸಿಲ್ಲ.”

ರೇಣವ್ವ ಅದನ್ನು ಕೇಳುತ್ತ ಬಾಗಿಲಲ್ಲೇ ನಿಂತಿದ್ದಳು. ಅವರು ಹೋದ ಮೇಲೆ ಕರೆದು ಕೇಳಿದೆ. “ಯಾಕ ನಗತೀ? ಏನ್ ಸಂಕಟ ನಿನಗ?”

“ಸಂಕಟಲ್ರಿ,” ಎಂದಳು, ಕಣ್ಣಲ್ಲಿ ನೀರು. “ನನಗ ಸಾಲಿ ಅಂದ್ರ ಭಾಳ ಸೇರತೈತ್ರಿ. ಹುಡುಗ್ರ ಮುಂದ ನಿಂತ ಕೂಡ್ಲೇ ಒಳಗಿಂದ ಖುಷಿ ಬರತೈತಿ. ಅದ ನಗಿ ಆಗಿ ಹೊರಗ ಬೀಳತೈತ್ರಿ. ನಾ ಬ್ಯಾರೆ ಕೆಲಸಾ ಮಾಡಾಕಿ ಅಲ್ಲರೀ ಅಕ್ಕೋರ. ಹೆಂಗರ ಮಾಡಿ ನನ್ನ ಸುದ್ದ ಮಾಡ್ರಿ.”

“ಖುಷಿ ಮನ್ಯಾಗ ಇಟ್ಟ ಬಾ,” ಎಂದೆ.

ಮೊದಲ ಸಂಜೆಯೇ ನೋಡಬೇಕಿತ್ತು. ಸಿದ್ದಕ್ಕ ಕಿರುಬೆರಳೆತ್ತಿದಳು. ರೇಣವ್ವ ಸೆರಗು ಬಾಯಿಗೆ ತುರುಕಿಕೊಂಡಳು. ಗುರುಪುತ್ರಪ್ಪ ಪಾಟಿಯ ಮರೆಯಲ್ಲಿ ಬೆಕ್ಕಿನ ಹಾಗೆ ಕೂಗಿದರು. ರೇಣವ್ವ ಬೋರ್ಡಿನ ಕಡೆ ತಿರುಗಿ ನಿಂತಳು, ಭುಜ ಮಾತ್ರ ಗಡಗಡ ಕುಣಿಯುತ್ತಿದ್ದವು. ಕೊನೆಗೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಡೀ ವಠಾರ ನಕ್ಕಿತು. ನಾನು ಒಬ್ಬಳೇ ಬೆಂಕಿಯಾಗಿದ್ದೆ.

“ಗದರು! ಹೆಸರ ಹಿಡದ ಗದರು!”

“ಕುಂದರ್ರೀ ಅಜ್ಜಾರ...” ಎಂದಳು ಪಾಪದ ದನಿಯಲ್ಲಿ.

“ಎರಡನೇ ಇಯತ್ತೆ ಹುಡುಗಗ ಅಜ್ಜಾರ ಅಂತೀಯೇನ? ನಾಳೆ ಕಾಲಿಗೂ ಬೀಳ್ತೀಯೋ ಹೆಂಗ?”

ನಗುವನ್ನು ಕಟ್ಟುವುದಕ್ಕೆ ನಾನು ಮಾಡದ ಉಪಾಯವಿಲ್ಲ. ನಾಲಿಗೆ ಕಚ್ಚಿಕೋ ಎಂದೆ, ಕಚ್ಚಿಕೊಂಡು ಎರಡು ದಿನ ತೊದಲಿದಳು. ಹದಿನೇಳರ ಮಗ್ಗಿ ನೆನೆಸಿಕೋ ಎಂದೆ, ಅದೂ ನಗು ತರಿಸಿತಂತೆ. ಬಾಯಲ್ಲಿ ಅಡಿಕೆ ಇಟ್ಟುಕೋ ಎಂದೆ, ನಗುತ್ತ ನುಂಗಿಬಿಟ್ಟಳು. ಕಡೆಗೆ ಲವಂಗ ಫಲಿಸಿತು. ನಗು ಬಂತೋ, ದವಡೆಯಲ್ಲಿಟ್ಟ ಲವಂಗವನ್ನು ಕಟಕ್ಕೆಂದು ಕಡಿಯಬೇಕು. ಆ ಖಾರ ನೆತ್ತಿಗೆ ಹತ್ತಿತೆಂದರೆ ನಗು ಎಲ್ಲಿಂದ ಬರಬೇಕು? ವಾರದ ಕೊನೆಗೆ ರೇಣವ್ವನ ಮುಖ ಕಲ್ಲಾಯಿತು. ಸಿದ್ದಕ್ಕ ಪಾಟಿಯನ್ನು ತಲೆಯ ಮೇಲಿಟ್ಟುಕೊಂಡು ಕುಣಿದರೂ ಹುಡುಗಿ ಮಿಸುಕಲಿಲ್ಲ. ಮೈಯೆಲ್ಲ ಲವಂಗದ ವಾಸನೆ ಹೊಡೆಯುತ್ತಿತ್ತು, ಹೊಡೆಯಲಿ ಬಿಡಿ. ನಾನು ಗೆದ್ದಿದ್ದೆ.

ಸಿದ್ದಕ್ಕನಿಗೆ ಮಾತ್ರ ಇದು ಸೇರಲಿಲ್ಲ. ಪಟ್ಟಿ ಸುತ್ತಿಡುತ್ತ ಗೊಣಗಿದಳು. “ಹುಡುಗೀ ಮಾರಿ ನೋಡಿದ್ರ ನನಗ ಅಂಜಿಕಿ ಬರತೈತಿ. ನೀವೂ ಒಮ್ಮೆ ಈ ಪಟ್ಟಿ ಮ್ಯಾಲ ಕುಂತ ನೋಡ್ರಿ, ಶಿವಬಸವ್ವಾರ. ಇಲ್ಲಿಂದ ಎಲ್ಲಾ ಬ್ಯಾರೇನ ಕಾಣತೈತಿ.”

“ನಿಂದೊಂದು ಕಿತಾಪತಿ,” ಎಂದು ಬೈದು ಕಳಿಸಿದೆ.

ಸೋಮವಾರ ಬೆಳಿಗ್ಗೆ ರೇಣವ್ವನೂ ನಾನೂ ಹೊಸ ಶಾಲೆಗೆಂದು ಪ್ಯಾಸೆಂಜರ್ ಗಾಡಿ ಹತ್ತಿದೆವು. ನಾನು ಹೋಗಬೇಕೆಂದೇನೂ ಇರಲಿಲ್ಲ. ಆದರೆ ನನ್ನ ಲವಂಗದ ಪ್ರತಾಪ ಕಣ್ಣಾರೆ ನೋಡುವ ಆಸೆ. ಕಾಗದದಲ್ಲಿ ಕಟ್ಟಿದ ಲವಂಗ ನನ್ನ ಸೆರಗಿನ ಗಂಟಿನಲ್ಲಿತ್ತು. ಖಾನಾಪುರ ದಾಟಿದ ಮೇಲೆ ಕಾಡು ಹತ್ತಿರ ಬಂತು, ಎಂಜಿನ್ನಿನ ಕಲ್ಲಿದ್ದಲ ಕಿಡಿ ಕಣ್ಣಿಗೆ ಬಿದ್ದು ನಾನು ಡ್ರೈವರನಿಗೂ ನಾಲ್ಕು ಮಾತು ಬೈದೆ. ಗುಂಜಿಯಲ್ಲಿ ಇಳಿದು, ಅಲ್ಲಿಂದ ಕಾಲುದಾರಿ ಹಿಡಿದು ಸಣ್ಣದೊಂದು ಹಳ್ಳಿಗೆ ನಡೆದೆವು. ದಾರಿಯುದ್ದಕ್ಕೂ ನೆಲ್ಲಿಯ ಗಿಡಗಳು ಕಾಯಿ ಬಿಟ್ಟು ಬಾಗಿದ್ದವು.

ಎರಡೇ ಕೋಣೆಯ ಶಾಲೆ. ಹೆಡ್ ಮಾಸ್ತರು ಕಲ್ಲಯ್ಯನವರು ದೊಡ್ಡ ಹುಡುಗರಿಗೆ ಪಾಠ ಮಾಡುತ್ತಿದ್ದರು. ಸಣ್ಣ ಮಕ್ಕಳ ಕಾಂತಾ ಅಕ್ಕೋರು ಹೆರಿಗೆಗೆ ತವರಿಗೆ ಹೋಗಿದ್ದರು. ಅವರ ಜಾಗಕ್ಕೆ ಮೊದಲು ಬಂದ ಬದಲಿ ಮಾಸ್ತರ ಕೈಯಲ್ಲಿ ಸದಾ ಬೆತ್ತ. ಅಂದಿನಿಂದ ಮಕ್ಕಳಿಗೆ ಒಂದು ರೂಢಿಯಾಗಿತ್ತು. ಬೆಳಿಗ್ಗೆ ಅಪ್ಪ ಅವ್ವ ದಬ್ಬಿದರೆ ಬರುವುದು, ಮಧ್ಯಾಹ್ನ ಊಟಕ್ಕೆ ಬಿಟ್ಟರೆ ಕಾಡಿನ ಅಂಚಿಗೆ ಓಟ. ತಿರುಗಿ ಒಬ್ಬರೂ ಬರುತ್ತಿರಲಿಲ್ಲ.

ಕಲ್ಲಯ್ಯನವರು ನೇರ ಮನುಷ್ಯ. “ಅಕ್ಕೋರ, ನಾ ಉಳಿದದ್ದೇನೂ ನೋಡೂದಿಲ್ಲ,” ಎಂದರು. “ಊಟ ಮುಗದ ಗಂಟಿ ಹೊಡದಾಗ ಹುಡುಗ್ರು ತಿರುಗಿ ಬಂದ್ರ ಈ ಟೀಚರ್ ಬಾಯಾರು ಇಲ್ಲೇ ಇರ್ಲಿ. ಬರ್ಲಿಲ್ಲಂದ್ರ ಸಂಜೀ ಗಾಡಿಗಿ ನಿಮ್ಮ ಜೋಡೀನ ಕರಕೊಂಡ ಹೋಗ್ರಿ.”

ರೇಣವ್ವ ನನ್ನ ಮುಖ ನೋಡಿದಳು. ನಾನು ಗಂಟು ಬಿಚ್ಚಿ ಅವಳ ಕೈಗೆ ಒಂದು ಲವಂಗ ಕೊಟ್ಟೆ. “ಅಂಜಬ್ಯಾಡ. ಕಡಿ.”

ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಅಕ್ಕೋರದು. ನಾನು ಮಂಡಿ ಹಿಡಿದುಕೊಂಡು, ಬೈದುಕೊಳ್ಳುತ್ತ, ಹಿಂದಿನ ಪಟ್ಟಿಯ ತುದಿಗೆ ಕೂತೆ.

ರೇಣವ್ವ ಹಾಜರಿ ಕರೆದಳು. ಪ್ರತಿ ಹೆಸರಿಗೂ ಒಂದು ತಲೆ ತಗ್ಗಿತು, ಬಾಯಿ ಒಂದೂ ತೆರೆಯಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದಳು. ಎರಡಕ್ಕೆ ಮೂರು ಕೂಡಿಸಿದರೆ ಎಷ್ಟು? ಮೌನ. ಮರದ ಮೇಲೆ ಐದು ಗಿಳಿ, ಒಂದು ಹಾರಿಹೋದರೆ? ಮೌನ. ಪಾಟಿಯ ಮೇಲೆ ಕಡ್ಡಿ ಗೀರಿದ ಸಪ್ಪಳವೂ ಇಲ್ಲ. ವಾರವಿಡೀ ನಾನು ಗದ್ದಲಕ್ಕೆ ಮದ್ದು ಅರೆದಿದ್ದೆ. ಇಲ್ಲಿ ಗದ್ದಲವೇ ಇಲ್ಲ!

ಪಕ್ಕದಲ್ಲಿ ಕೂತ ಪುಟ್ಟ ಹುಡುಗಿ ಬೋರ್ಡು ನೋಡುತ್ತಿರಲಿಲ್ಲ. ಅವಳ ನೋಟದ ಜಾಡು ಹಿಡಿದು ನಾನೂ ಮೇಲೆ ನೋಡಿದೆ. ಮಾಸ್ತರು ಹೋಗಿದ್ದರೂ ಅವರ ಬೆತ್ತ ಹೋಗಿರಲಿಲ್ಲ, ಬೋರ್ಡಿನ ಮೇಲಿನ ತೊಲೆಗೆ ಸಿಕ್ಕಿಕೊಂಡು ಕೂತಿತ್ತು. ಅದರ ಕೆಳಗೆ ರೇಣವ್ವನ ಕಲ್ಲುಮುಖ. ಪಟ್ಟಿಯ ಮೇಲಿಂದ ನೋಡಿದರೆ ಎರಡೂ ಒಂದೇ. ನನಗೇ ಅವಳನ್ನು ಕಂಡು ಅಂಜಿಕೆಯಾಯಿತು ಅಂದರೆ ನಂಬುತ್ತೀರಾ? ಅಯ್ಯ ಶಿವನೇ, ಇಷ್ಟು ಚೆಂದದ ಹುಡುಗಿಯನ್ನು ಏನು ಮಾಡಿ ತಂದು ನಿಲ್ಲಿಸಿಬಿಟ್ಟೆ!

ಲವಂಗ ಉಗುಳು ಎಂದು ಬಾಯಿ ತೋರಿಸಿ ಸನ್ನೆ ಮಾಡಿದೆ. ಇನ್ನೂ ಗಟ್ಟಿಯಾಗಿ ಕಡಿ ಎಂದೆನೆಂದು ತಿಳಿದು ಅವಳು ಕಟಕ್ಕೆಂದು ಕಡಿದಳು. ಕಣ್ಣು ಕೆಂಪಾದವು. ಮುಖ ಇನ್ನಷ್ಟು ಭಯಂಕರವಾಯಿತು. ಮುಂದಿನ ಸಾಲಿನ ಹುಡುಗ ಪಾಟಿಯನ್ನು ಎದೆಗೆ ಅವಚಿಕೊಂಡ.

ಎದ್ದು ಹೋಗಿ ಹೇಳಬಹುದಿತ್ತು. ಆದರೆ ಅಕ್ಕೋರ ಮೇಲೆ ಇನ್ನೊಬ್ಬ ಅಕ್ಕೋರು ಇದ್ದಾಳೆಂದು ಮಕ್ಕಳಿಗೆ ಗೊತ್ತಾದರೆ ಮುಗಿಯಿತು, ನಾಳೆಯಿಂದ ಅವಳ ಮಾತಿಗೆ ಕಿಮ್ಮತ್ತಿಲ್ಲ. ಪಟ್ಟಿಯ ಮೇಲೆ ಕೂತವರು ಪಟ್ಟಿಯ ಮೇಲಿಂದಲೇ ಏನಾದರೂ ಮಾಡಬೇಕು. ಹೊರಗೆ ಬಿಸಿಲು ಏರುತ್ತಿತ್ತು. ಊಟದ ಗಂಟೆ ಹತ್ತಿರ ಬರುತ್ತಿತ್ತು.

ನಾನು ಕಣ್ಣು ಮುಚ್ಚಿದೆ. ಸಿದ್ದಕ್ಕನನ್ನು ನೆನೆದೆ. ಕಿರುಬೆರಳು ಎತ್ತಿದೆ.

“ಅಕ್ಕೋರ, ಒಂದಕ್ಕ!”

ಎಲ್ಲ ತಲೆಗಳೂ ಒಮ್ಮೆಲೇ ಹಿಂದೆ ತಿರುಗಿದವು. ನರೆತ ತಲೆ, ದಪ್ಪ ಕನ್ನಡಕ, ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಎತ್ತಿದ ಕಿರುಬೆರಳು. ರೇಣವ್ವ ಕಣ್ಣು ಪಿಳಿಪಿಳಿ ಬಿಟ್ಟಳು. ಕೆನ್ನೆ ಉಬ್ಬಿದವು. ಲವಂಗವನ್ನು ಕಡಿಯಲು ನೋಡಿದಳು.

ನಾನು ಬಿಡಲಿಲ್ಲ. ಕೂತಲ್ಲೇ ಕುಣಿಯುತ್ತ ಕೂಗಿದೆ. “ಭಾಳ ಅವಸರ ಐತ್ರೀ ಅಕ್ಕೋರ! ಇಲ್ಲೇ ಆಗತೈತ್ರಿ!”

ಉಕ್ಕುವ ಹಾಲಿಗೆ ತಟ್ಟೆ ಮುಚ್ಚಿದರೆ ನಿಲ್ಲುತ್ತದೆಯೇ? ರೇಣವ್ವನ ಬಾಯಿಂದ ಲವಂಗ ಹಾರಿ ಮುಂದಿನ ಸಾಲಿನ ಹುಡುಗನ ಪಾಟಿಯ ಮೇಲೆ ಟಪ್ಪೆಂದು ಬಿತ್ತು. ಅದರ ಹಿಂದೆಯೇ ವಾರವಿಡೀ ಕಟ್ಟಿಟ್ಟ ನಗು. ಹುಡುಗ ಪಾಟಿ ನೋಡಿದ, ಅಕ್ಕೋರನ್ನು ನೋಡಿದ. ಬಾಯಿ ತೆರೆದ.

“ಅಕ್ಕೋರ ಬಾಯಾಗಿಂದ ಲವಂಗ ಬಿತ್ತು!”

ಕೋಣೆ ಹಾರಿಹೋಗುವ ಹಾಗೆ ಎಲ್ಲ ನಕ್ಕವು. ಮನೆಯಲ್ಲಿ ಮರಾಠಿ ಆಡುವ ಮಕ್ಕಳು “ಪಳ ಆಜೀ, ಪಳ!” ಎಂದು ನನ್ನನ್ನು ಓಡಿಸಿದವು. ಓಡದೆ ಉಪಾಯವಿಲ್ಲ. ಹೊರಗೆ ಹೋಗಿ, ಹಿತ್ತಲಿನ ಹೀರೆ ಬಳ್ಳಿಯ ಮರೆಗೆ ಸ್ವಲ್ಪ ಹೊತ್ತು ನಿಂತು, ಮರ್ಯಾದೆಯಾಗಿ ಒಳಗೆ ಬಂದೆ. ಅಷ್ಟರಲ್ಲಿ ಗಿಳಿಗಳ ಲೆಕ್ಕ ಮುಗಿದು ರೇಣವ್ವ ತನ್ನ ಅಪ್ಪನ ಕುರಿಗಳ ಲೆಕ್ಕಕ್ಕೆ ಇಳಿದಿದ್ದಳು. ಹಟ್ಟಿಯಲ್ಲಿ ಎಂಟು ಕುರಿ, ಎರಡು ಹೊರಗೆ ಹೋದವು, ಅಜ್ಜಿ ಒಂದನ್ನು ಹೊಡೆದುಕೊಂಡು ಬಂದಳು. ಬಾಯಿಗಳು ಕೂಗುತ್ತಿದ್ದವು, ಬೆರಳುಗಳು ಎಣಿಸುತ್ತಿದ್ದವು, ಅವಳು ನಗುತ್ತಲೇ ಕಲಿಸುತ್ತಿದ್ದಳು. ಸತ್ಯ ಹೇಳುತ್ತೇನೆ, ಅಷ್ಟು ಚೆಂದದ ಪಾಠವನ್ನು ನಾನು ಯಾವತ್ತೂ ಮಾಡಿರಲಿಲ್ಲ.

ಕಲ್ಲಯ್ಯನವರು ಬಾಗಿಲಿಗೆ ಬಂದರು. “ಏನ್ರೀ ಇದು, ಸಾಲಿ ಐತೋ ಸಂತಿ ಐತೋ?” ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು. “ನಗಸೂದು ಸುಲಭ ಐತ್ರಿ. ಮಧ್ಯಾಹ್ನ ತಿಳಿತೈತಿ.”

ಊಟಕ್ಕೆ ಬಿಟ್ಟರು. ಮಕ್ಕಳು ಹೋ ಎಂದು ಕಾಡಿನ ಕಡೆಗೇ ಓಡಿದವು. ರೊಟ್ಟಿಯ ಗಂಟು ಬಿಚ್ಚಿದರೂ ರೇಣವ್ವ ಕಾಡಿನ ದಾರಿಯನ್ನೇ ನೋಡುತ್ತ ಕೂತಳು.

“ಅಕ್ಕೋರ, ನಾ ನಕ್ಕಬಿಟ್ಟೆ,” ಎಂದಳು ಸಣ್ಣ ದನಿಯಲ್ಲಿ.

“ನಕ್ಕಿ. ಛಲೋ ಆತು,” ಎಂದೆ. ಅವಳು ನಂಬದೆ ನನ್ನನ್ನೇ ನೋಡಿದಳು. ಆಮೇಲೆ ಎದ್ದು, ಕುರ್ಚಿ ಹತ್ತಿ, ತೊಲೆಯಿಂದ ಬೆತ್ತ ಕಿತ್ತುಕೊಂಡು ಹಿತ್ತಲಿಗೆ ಹೋದಳು. ಬಂದಾಗ ಕೈ ಖಾಲಿ. ಹೀರೆ ಬಳ್ಳಿಯ ಒಂದು ಕುಡಿ ನೆಲಕ್ಕೆ ಬಿದ್ದಿತ್ತು, ಅದಕ್ಕೆ ಆಸರೆಯಾಗಿ ಊರಿ ಬಂದೆ ಎಂದಳು.

ಜಗಲಿಯ ತೊಲೆಗೆ ತೂಗಿದ ರೈಲುಕಂಬಿಯ ತುಂಡನ್ನು ಕಲ್ಲಯ್ಯನವರು ಬಾರಿಸಿದರು. ದೊಡ್ಡ ಹುಡುಗರು ಒಳಗೆ ಹೋದರು. ಸಣ್ಣವರು ಒಬ್ಬರೂ ಇಲ್ಲ. ಮೂವರೂ ಜಗಲಿಯಲ್ಲಿ ನಿಂತು ದಾರಿ ನೋಡಿದೆವು. ದಾರಿಯಲ್ಲಿ ಒಂದು ಎಮ್ಮೆ ನಡೆದು ಹೋಯಿತು. ರೇಣವ್ವ ತನ್ನ ಚೀಲ ತರಲು ಒಳಗೆ ತಿರುಗಿದಳು.

ಆಗ ನೆಲ್ಲಿಗಿಡಗಳ ಆಚೆಯಿಂದ ಗದ್ದಲ ಕೇಳಿತು. ಲವಂಗ ಬಿದ್ದ ಪಾಟಿಯ ಹುಡುಗ ಮುಂದೆ, ಹಿಂದೆ ಉಳಿದವರೆಲ್ಲ. ಬೆಳಿಗ್ಗೆ ಬಾರದವರೂ ಇದ್ದರು. ಕೆಲವರ ಸೊಂಟದ ಮೇಲೆ ತಮ್ಮ ತಂಗಿಯರು. ಎಲ್ಲರ ಹಿಂದೆ ಕೋಲೂರಿಕೊಂಡು ಇಬ್ಬರು ಮುದುಕಿಯರು.

“ನೀವ್ಯಾಕ ಬಂದ್ರಿ, ಆಯಿ?” ಎಂದು ಕೇಳಿದರು ಕಲ್ಲಯ್ಯನವರು.

“ಎರಡನೇ ಇಯತ್ತೆಗಿ ಒಬ್ಬಾಕಿ ಅಜ್ಜಿ ಬಂದಾಳಂತ,” ಎಂದಳು ಒಬ್ಬಳು. “ನೋಡಾಕ ಬಂದೇವಿ. ಜಾಗಾ ಇದ್ರ ನಾವೂ ಕುಂದರತೇವಿ.”

ಕೋಣೆ ತುಂಬಿ ತುಳುಕಿತು. ನನ್ನ ಜಾಗದಲ್ಲಿ ಯಾರನ್ನೂ ಕೂರಲು ಬಿಡದೆ ಪುಟ್ಟ ಹುಡುಗಿ ಕಾದಿದ್ದಳು. ಗದ್ದಲವೋ ಗದ್ದಲ. ಕಲ್ಲಯ್ಯನವರು ಬಾಗಿಲಲ್ಲೇ ನಿಂತಿದ್ದರು. ಬಂದದ್ದೇನೋ ಬಂದವು, ಇಷ್ಟನ್ನೂ ಈ ಹುಡುಗಿ ಹಿಡಿದಾಳೇ ಎನ್ನುವುದು ಅವರ ಮುಖದ ಮೇಲಿತ್ತು. ನನಗೋ ಬೆಳಗಿನ ಗೆಲುವು ತಲೆಗೆ ಏರಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಇನ್ನೊಮ್ಮೆ ನಗಿಸೋಣ ಎಂದು ಮತ್ತೆ ಕಿರುಬೆರಳು ಎತ್ತಿದೆ.

ರೇಣವ್ವ ನನ್ನನ್ನು ನೋಡಿದಳು. ಬಾಯಲ್ಲಿ ಲವಂಗವಿರಲಿಲ್ಲ. ಕಣ್ಣಲ್ಲಿ ನಗು ಹಾಗೇ ಇತ್ತು, ದನಿ ಮಾತ್ರ ಗಟ್ಟಿ.

“ಶಿವಬಸವ್ವಾ, ಮುಂಜಾನೆ ಹೋಗಿ ಬಂದೀದಿ. ಬೆರಳ ಇಳಸು. ಸುಮ್ಮ ಕುಂದರು.”

ಕೋಣೆ ತಣ್ಣಗಾಯಿತು. ಮುದುಕಿಯರೂ ಬಾಯಿ ಮುಚ್ಚಿದರು. ನನ್ನ ಹೆಸರು ಹಿಡಿದು ‘ಕುಂದರು’ ಎಂದವರು, ನನ್ನ ಅವ್ವ ಸತ್ತ ಮೇಲೆ, ಭೂಮಿಯ ಮೇಲೆ ಯಾರೂ ಇರಲಿಲ್ಲ. ಸಿಟ್ಟು ಮೂಗಿನ ತುದಿಯವರೆಗೂ ಬಂತು. ಬಂದದ್ದು ಅಲ್ಲೇ ಕರಗಿತು. ಬೆರಳು ಇಳಿಸಿ, ಕೈ ಕಟ್ಟಿಕೊಂಡು ಕೂತೆ.

ಕಲ್ಲಯ್ಯನವರು ಟೊಪ್ಪಿಗೆ ಸರಿಮಾಡಿಕೊಂಡರು. “ನಡೀಲಿ ಬಾಯಾರ, ನಡೀಲಿ. ನಾಳೆ ಹತ್ತಕ್ಕ ಬರ್ರಿ,” ಎಂದು ತಮ್ಮ ಕೋಣೆಗೆ ಹೋದರು.

ಪಾಠ ಶುರುವಾಯಿತು. ಪಕ್ಕದ ಹುಡುಗಿ ಅಕ್ಕೋರಿಗೆ ಕಾಣದ ಹಾಗೆ ನನಗೊಂದು ನೆಲ್ಲಿಕಾಯಿ ಕೊಟ್ಟು, ಹುಳಿಗೆ ನಾನು ಮಾಡಿದ ಮುಖವನ್ನೇ ತಾನೂ ಮಾಡಿ ತೋರಿಸಿದಳು. ಹೊಟ್ಟೆಯೊಳಗಿಂದ ಏನೋ ಎದ್ದು ಬರತೊಡಗಿತು. ಖುಷಿಯೇ ಅದು, ಬೇರೆ ಏನಲ್ಲ. ತರಗತಿಯಲ್ಲಿ ನಗುವುದೇ? ನಾನೇ? ಗಡಬಡಿಸಿ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡೆ.

“ಬಾಯಾಗೇನೈತಿ, ಶಿವಬಸವ್ವಾ?”

ಎದ್ದು ನಿಂತೆ. “ಲವಂಗ ರೀ.”

“ಹೊರಗ ಹೋಗಿ ಉಗುಳಿ ಬಾ.”

ಹೋದೆ. ಜಗಲಿಯ ಕಂಬ ಹಿಡಿದುಕೊಂಡು ಉಗುಳಿದೆ. ಆಮೇಲೆ ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೂ, ಕನ್ನಡಕ ತೆಗೆದು ಒರೆಸಿಕೊಳ್ಳುವವರೆಗೂ ನಕ್ಕೆ. ನಗು ಇನ್ನೂ ಮುಗಿಯದೆಯೇ ಬಾಗಿಲಿಗೆ ಬಂದು ನಿಂತು ಕೇಳಿದೆ.

“ಒಳಗ ಬರ್ಲೇನ್ರೀ ಅಕ್ಕೋರ?”

“ಬಾ,” ಎಂದಳು ರೇಣವ್ವ.